ಜಡ ಮಶೀನು

ನಮ್ಮ ಕಡೆ ‘ಜಡ’ ಅಂದರೆ ಭಾರ. ಧಾರವಾಡ ದಾಟಿ ಆಚೆ ಹೋದರೆ ಅದೇ ಶಬ್ದಕ್ಕೆ ಮಂಕು, ಚುರುಕಿಲ್ಲದ್ದು ಎಂಬ ಅರ್ಥವಿದೆ ಎಂದು ನನಗೆ ತಿಳಿದದ್ದು ಶಿಕ್ಷಕಿಯ ತರಬೇತಿಗೆ ಹೋದ ಮೇಲೆ. ಖಾನಾಪುರದಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡಿಕೊಂಡು ಬೆಳೆದ ನಮಗೆ ತುಂಬಿದ ಕೊಡ ಜಡ, ಅಕ್ಕಿಯ ಚೀಲ ಜಡ, ಹಬ್ಬದ ಊಟವಾದ ಮೇಲೆ ಹೊಟ್ಟೆ ಜಡ, ದಪ್ಪ ಅರಿವೆಯೂ ಜಡವೇ. ಈ ಒಂದು ಶಬ್ದವನ್ನು ಅಡ್ಡ ಹಿಡಿದು ನಮ್ಮಪ್ಪ ನಮ್ಮವ್ವನಿಗೆ ಮಾಡಿದ್ದನ್ನು ಬಳಗದವರು ಈಗಲೂ ನಗೆಯ ಪ್ರಸಂಗವೆಂದೇ ಹೇಳುತ್ತಾರೆ. ಮದುವೆಯಲ್ಲೋ ತೊಟ್ಟಿಲ ಕಾರ್ಯದಲ್ಲೋ ನಾಲ್ಕು ಮಂದಿ ಸೇರಿದರೆ ಸಾಕು, ಯಾರಾದರೂ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ‘ಆ ಜಡ ಮಶೀನಿನ ಕತಿ ಹೇಳ್ರಲ್ಲ’ ಎಂದು ಶುರು ಮಾಡುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ನಗುವುದಿಲ್ಲ. ಅದಕ್ಕೇ ನನಗೆ ಸೊಕ್ಕಿನವಳೆಂದು ಹೆಸರು ಬಂದಿದೆ, ಇರಲಿ.

ಖಾನಾಪುರದ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಹತ್ತಿಕೊಂಡು ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು ಮತ್ತು ಎಮ್ಮೆಯ ಕೊಟ್ಟಿಗೆ. ಪಡಸಾಲೆ ಗಂಡಸರದ್ದು. ಅಲ್ಲಿ ಅಪ್ಪನ ಕೈಕುರ್ಚಿ, ಅಪ್ಪನ ತಮ್ಮನಾದ ಕಾಕಾನ ಸೈಕಲ್ಲು, ಗೋಡೆಗೆ ಬಡಿದ ಮೊಳೆಗಳಲ್ಲಿ ಇಬ್ಬರ ಇಸ್ತ್ರಿ ಮಾಡಿದ ಅಂಗಿಗಳು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಊರಿನ ಅರ್ಧ ಮನೆಗಳ ಹಂಚು ಅವನ ಕೈಬರಹದಲ್ಲಿ ಹಾದು ಹೋಗಿದ್ದರೂ ನಮ್ಮ ನಡುಮನೆಗೆ ಒಂದೇ ಒಂದು ಗಾಜಿನ ಹಂಚು ಹಾಕಿಸಿದ್ದ. ಆ ಕೋಣೆಗೆ ಕಿಟಕಿ ಇರಲಿಲ್ಲ. ಗಾಜಿನ ಹಂಚಿನಿಂದ ಇಳಿದ ಬಿಸಿಲು ಹಾಸುಗಲ್ಲಿನ ಮೇಲೆ ಮಣೆಯಷ್ಟು ಅಗಲ ಬೀಳುತ್ತಿತ್ತು, ಬೆಳಗಿನಿಂದ ಸಂಜೆಯವರೆಗೆ ಪಡುವಣ ಗೋಡೆಯಿಂದ ಮೂಡಣ ಗೋಡೆಗೆ ಸರಿಯುತ್ತಿತ್ತು. ಅದರ ಜೊತೆಗೆ ನಮ್ಮವ್ವ ತೊಡೆಯ ಮೇಲೆ ಕೌದಿ ಹಾಕಿಕೊಂಡು ಸರಿಯುತ್ತಿದ್ದಳು. ಗಡಿಯಾರ ನೋಡಲು ಬರುವ ಮೊದಲೇ ನನಗೆ ಅವ್ವ ಕೂತ ಜಾಗ ನೋಡಿ ಹೊತ್ತು ಹೇಳಲು ಬರುತ್ತಿತ್ತು.

ಅವ್ವನ ಕೌದಿಗಳಿಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ದೇಸೂರಿನಿಂದ ರೈಲಿನಲ್ಲಿ ಹೆಂಗಸರು ಹಳೆಯ ಸೀರೆ, ಧೋತರ, ಹರಿದ ಅಂಗಿಗಳ ಗಂಟು ಹೊತ್ತುಕೊಂಡು ಬರುತ್ತಿದ್ದರು. ಅವ್ವ ಒಂದೊಂದೇ ಅರಿವೆಯನ್ನು ಬಿಸಿಲಿನ ಚೌಕಕ್ಕೆ ಹಿಡಿದು, ಇದು ಇನ್ನೂ ಗಟ್ಟಿ, ಇದು ಒಳಗೆ ಹೋಗಲಿ, ಈ ಅಂಚು ಮೇಲೆ ಬರಲಿ ಎಂದು ಬೇರೆ ಮಾಡುತ್ತಿದ್ದಳು. ಮರಾಠಿಯವರು ಅದನ್ನು ವಾಕಳ ಅನ್ನುತ್ತಿದ್ದರು, ನಾವು ಕೌದಿ. ಪದರದ ಮೇಲೆ ಪದರ ಹಾಕಿ, ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಲಿದು, ಕೊನೆಗೆ ನಡುವೆ ಅಂಗೈಯಷ್ಟು ಜಾಗ ತೆರೆದು ಬಿಡುವುದು ವಾಡಿಕೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚಿಟಿಕೆ ಅಕ್ಕಿ, ಒಂದು ಅರಿಸಿನದ ಚೂರು ಇಟ್ಟು ಮೇಲೆ ತೇಪೆ ಹಾಕಿ ಮುಚ್ಚಬೇಕು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವ್ವನ ನಂಬಿಕೆ. ಊರವರ ಹೊಟ್ಟೆಗೆಲ್ಲ ಹೀಗೆ ಅಕ್ಕಿ ಹಾಕಿದ ನಮ್ಮವ್ವ ತನಗೆಂದು ಒಂದು ಕೌದಿ ಹೊಲಿದುಕೊಂಡದ್ದನ್ನು ನಾನು ನೋಡಿಲ್ಲ. ತವರಿನಿಂದ ತಂದ ಹಳೆಯ ಚಾದರವೇ ಅವಳ ಹೊದಿಕೆ.

ಈ ಕೆಲಸ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ. ಅಪ್ಪ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಊಟಕ್ಕೆ ಕೂರುತ್ತಿದ್ದ. ಕಾಕಾ ಅವನ ಬಾಜೂಕ್ಕೆ. ಒಂದು ದಿನ ಅಪ್ಪ ಬದನೆಕಾಯಿ ಪಲ್ಯದೊಳಗಿಂದ ಕೆಂಪು ದಾರದ ಎಳೆಯೊಂದನ್ನು ಎಳೆದು, ಎಲ್ಲರಿಗೂ ಕಾಣುವಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಇದನ್ನೂ ಉಣ್ಣಬೇಕೇನು?”

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊಸ್ತಿಲ ಮೇಲೆ ಕೂತಲ್ಲಿಂದಲೇ ಒಗ್ಗರಣೆ ಹಾಕಿದಳು.

“ಯಾರ ಸತ್ತಾರೋ, ಯಾರ ಹಡದಾರೋ, ಎಲ್ಲಾರ ಚಿಂದಿ ನಮ್ಮ ಮನ್ಯಾಗ. ಅದೂ ಎಡಗೈಲೆ ಹೊಲಿಯೋದು. ಮನಿಗೆ ಶ್ರೇಯಸ್ಸು ಹೆಂಗ ಬರಬೇಕು?”

ಅವ್ವ ಎಡಗೈಯವಳು. ರೊಟ್ಟಿ ಬಡಿಯುವಾಗ, ಬಡಿಸುವಾಗ ಅಂಜಿಕೊಂಡು ಬಲಗೈ ಬಳಸುತ್ತಿದ್ದಳು. ಸೂಜಿ ಮಾತ್ರ ಎಡಗೈಗೇ ಹೋಗುತ್ತಿತ್ತು. ಅವಳು ಹಾಕಿದ ಗಂಟು ಬೇರೆಯವರ ಗಂಟಿನ ವಿರುದ್ಧ ದಿಕ್ಕಿಗೆ ತಿರುಗಿರುತ್ತಿತ್ತು. ಯಾರು ಬಿಚ್ಚಿ ಮತ್ತೆ ಕಟ್ಟಿದರೂ ಅದು ಅವ್ವನ ಗಂಟು ಆಗುತ್ತಿರಲಿಲ್ಲ. ಆ ದಿನ ಅವಳು ದಾರದ ಎಳೆಯನ್ನು ಅಪ್ಪನ ಬೆರಳಿಂದ ತೆಗೆದುಕೊಂಡು, ಸೆರಗಿನ ತುದಿಗೆ ಸಿಕ್ಕಿಸಿಕೊಂಡು, ಇನ್ನೊಂದು ರೊಟ್ಟಿ ಬಡಿಸಿದಳು. ಅದು ಒಳ್ಳೆಯ ದಾರ, ಒಗೆಯುವಂಥದ್ದಲ್ಲ.

ಮನೆಯಲ್ಲಿ ಆಗ ಒಂದು ಸಣ್ಣ ಕೈ ಮಶೀನಿತ್ತು, ಅವ್ವನ ತವರಿನದು. ಎರಡು ಪದರ ದಾಟಿದರೆ ಅದು ಕೊರಕ್ ಅಂದು ನಿಂತುಬಿಡುತ್ತಿತ್ತು. ಹಾಗಾಗಿ ಕೌದಿಯೆಲ್ಲ ಕೈಹೊಲಿಗೆಯೇ. ಒಂದು ಬೇಸಿಗೆಯಲ್ಲಿ ಹಂಚು ಸಾಗಿಸುವ ಲಾರಿಯ ಡ್ರೈವರೊಬ್ಬ ಅಪ್ಪನನ್ನು ಕೇಳಿಕೊಂಡು ಮನೆಗೆ ಬಂದ. ಅವನ ಕೈಯಲ್ಲಿ ಲಾರಿಯ ಮೇಲೆ ಹೊದಿಸುವ ಟಾರ್ಪಾಲು, ನಮ್ಮ ಕಡೆಯ ತಾಡಪತ್ರಿ, ಹರಿದದ್ದು. ಅಪ್ಪ ಮನೆಯಲ್ಲಿರಲಿಲ್ಲ. ಅವ್ವ ಅದನ್ನು ಹಿತ್ತಲಲ್ಲಿ ಹಾಸಿ, ದಬ್ಬಣದಲ್ಲಿ ಮೇಣ ಹಚ್ಚಿದ ದಾರ ಪೋಣಿಸಿ ಸಂಜೆಯೊಳಗೆ ಹೊಲಿದು ಕೊಟ್ಟಳು. ಮಳೆಗಾಲ ಕಳೆದರೂ ಆ ಹೊಲಿಗೆಯೊಳಗಿಂದ ನೀರು ಇಳಿಯಲಿಲ್ಲವಂತೆ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಕಾರ್ಖಾನೆಯ ಎಲ್ಲ ಲಾರಿಗಳ ತಾಡಪತ್ರಿ ಇಲ್ಲಿಗೇ ಕಳಿಸುತ್ತೇವೆ, ಒಂದು ಒಳ್ಳೆಯ ಮಶೀನು ಇಟ್ಟುಕೊಳ್ಳಿ ಅಕ್ಕಾರ ಎಂದು ಹೇಳಿ ಹೋದರು. ಆ ದಿನ ಅವ್ವ ಹಾಡು ಗುನುಗುತ್ತಾ ಪಾತ್ರೆ ತಿಕ್ಕಿದಳು. ನನಗೆ ಆಶ್ಚರ್ಯವಾಗಿತ್ತು. ಅವಳಿಗೆ ಹಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಪ್ಪನಿಗೆ ಸುದ್ದಿ ಕಾರ್ಖಾನೆಯಲ್ಲೇ ಮುಟ್ಟಿತು. ಇಸ್ತ್ರಿ ಅಂಗಿಯ ಗುಮಾಸ್ತನಿಗೆ ಡ್ರೈವರುಗಳು ಎದುರಿಗೇ ‘ಸಾಹೇಬ್ರ, ವೈನಿಯವರ ಕೈ ಭಾಳ ಗಟ್ಟಿ’ ಅಂದಿದ್ದರು. ಹೊಗಳಿಕೆ ಅವನಿಗೆ ಮುಳ್ಳಾಯಿತು. ಮನೆಯಲ್ಲಿ ದಿನಾ ಕಿಟಿಕಿಟಿ. ಅವ್ವ ಮೊದಲ ಸಲ ಹಿಂಜರಿಯಲಿಲ್ಲ. ತವರಿನವರು ಅವಳಿಗೆಂದೇ ಕೊಟ್ಟಿದ್ದ ಎಮ್ಮೆಯನ್ನು ಮಾರಿ ಹೊಸ ಮಶೀನು ತರಬೇಕೆಂದು ಹಟ ಹಿಡಿದಳು. ಎಮ್ಮೆ ಅವಳದು, ಬೇಡ ಅನ್ನಲು ಆಯಿಗೂ ಬಾಯಿ ಬರಲಿಲ್ಲ. ಎಮ್ಮೆ ಹೋಯಿತು. ಹಿತ್ತಲಿಗೆ ಹೋದಾಗ ಖಾಲಿ ಗೂಟ ನೋಡಿ ನಾನು ಅತ್ತೆ. ಅವ್ವ ಅಳಲಿಲ್ಲ.

“ಬೆಳಗಾಂವಿಗೆ ನಾನೂ ಬರತೀನ್ರಿ. ನೋಡಿ ಆರಸತೀನಿ,” ಅಂದಳು ಅಪ್ಪನಿಗೆ.

“ಹೆಂಗಸರು ಅಂಗಡ್ಯಾಗ ನಿಂತು ಮಶೀನ ತಿರುವಿ ನೋಡೂದು ಎಲ್ಲೆರ ಕಂಡೀಯೇನು? ನಾನೂ ತಮ್ಮನೂ ಹೋಗತೀವಿ. ಏನ ಬೇಕು ಹೇಳು.”

ಆಗ ಅವ್ವ ಒಂದು ಸಣ್ಣ ಗಂಟು ಕಟ್ಟಿದಳು. ಅಂಗೈಯಗಲದ ತುಣುಕುಗಳು: ಕೆಳಗೆ ತಾಡಪತ್ರಿ, ಅದರ ಮೇಲೆ ಧೋತರದ ಮಡಿಕೆಗಳು, ಆಯಿಯ ಹಳೆಯ ಇಳಕಲ್ ಸೀರೆಯ ಅಂಚು, ಕುಪ್ಪಸದ ಖಣದ ಒಂದು ಚೂರು, ಮತ್ತೆ ಮೇಲೆ ತಾಡಪತ್ರಿ. ಮೂಲೆಗಳಿಗೆ ಒಂದೊಂದು ಹೊಲಿಗೆ ಹಾಕಿ, ಬಿಳಿ ಅರಿವೆಯಲ್ಲಿ ಸುತ್ತಿ, ಕೆಂಪು ದಾರದಿಂದ ತನ್ನ ಎಡಗೈ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದಳು. ಬೆಳಗ್ಗೆ ಅಪ್ಪ ಚಪ್ಪಲಿ ಮೆಟ್ಟುವಾಗ ಅದನ್ನು ಅವನ ಚೀಲದೊಳಗೆ ಇಟ್ಟಳು.

“ಮಶೀನದ ಚಂದ ನೋಡಬ್ಯಾಡ್ರಿ. ಈ ಗಂಟು ಬಿಚ್ಚಿ ಅಂಗಡಿಯವನ ಮುಂದ ಇಡ್ರಿ. ಯಾವ ಮಶೀನ ಇದರ ಮ್ಯಾಲ ನಿಲ್ಲದಂಗ ಓಡತೈತಿ, ಅದನ್ನ ತರ್ರಿ. ಜಡ ಮಶೀನ ಅನ್ರಿ, ಅವರಿಗೆ ತಿಳಿತೈತಿ.”

ಆ ದಿನ ಅವ್ವ ನಡುಮನೆಯ ಬಿಸಿಲಿನ ಕೆಳಗೆ ಮಶೀನಿಗೆ ಜಾಗ ಮಾಡಿದಳು. ಅಕ್ಕಿಯ ಡಬ್ಬಗಳನ್ನು ಗೋಡೆಗೆ ಸರಿಸಿದಳು, ನೆಲ ಸಾರಿಸಿದಳು, ಒಂದು ಎಳೆ ರಂಗೋಲಿಯನ್ನೂ ಹಾಕಿದಳು. ಸಂಜೆ ಬಾಗಿಲಿಗೆ ಟೆಂಪೋ ಬಂತು. ಅಪ್ಪ, ಕಾಕಾ, ಟೆಂಪೋದವನು ಮತ್ತು ಎದುರುಮನೆಯ ಇಬ್ಬರು ಸೇರಿ ಏದುಸಿರು ಬಿಡುತ್ತಾ ಇಳಿಸಿದರು. ಕಾಲಿನ ಮಶೀನು. ಬೀಟೆ ಬಣ್ಣದ ಮರದ ಪೆಟ್ಟಿಗೆ, ಎರಡೂ ಕಡೆ ಖಾನೆ, ಎರಕದ ಕಬ್ಬಿಣದ ಕಾಲು. ಮೈತುಂಬ ಬಂಗಾರದ ಬಣ್ಣದ ಹೂಬಳ್ಳಿ. ಅಂಥ ಚಂದದ ವಸ್ತು ನಮ್ಮ ಮನೆಗೆ ಯಾವತ್ತೂ ಬಂದಿರಲಿಲ್ಲ. ಅದು ಪಡಸಾಲೆ ದಾಟಿ ಒಳಗೆ ಹೋಗಲಿಲ್ಲ, ನಡುಮನೆಯ ಬಾಗಿಲು ಅದಕ್ಕೆ ಸಣ್ಣದಾಯಿತು. ಅವ್ವ ಬಂದು, ಸೂಜಿಯ ಕೆಳಗಿನ ಪಾದವನ್ನು ಎತ್ತಿ, ಅದರಡಿ ತನ್ನ ಕಿರುಬೆರಳು ಇಟ್ಟು ನೋಡಿದಳು. ಕಿರುಬೆರಳೂ ಹೋಗಲಿಲ್ಲ.

“ಇದು ಜಂಪರ್ ಹೊಲಿಯೋ ಮಶೀನ ಐತ್ರಿ,” ಅಂದಳು.

“ನೀನಽ ಹೇಳಿದ್ಯಲ್ಲ, ಜಡ ಮಶೀನ ತರ್ರಿ ಅಂತ! ಐದು ಮಂದಿ ಹೊತ್ತೀವಿ, ನಡು ಹೋತು. ಇದಕ್ಕಿಂತ ಜಡ ಇಡೀ ಬೆಳಗಾಂವಿನ್ಯಾಗ ಸಿಗೂದಿಲ್ಲ. ಇನ್ನೆಷ್ಟು ಜಡ ಬೇಕ?”

ಎಲ್ಲರೂ ನಕ್ಕರು. ಕಾಕಾ ನಕ್ಕ, ಎದುರುಮನೆಯವರು ನಕ್ಕರು, ಆಯಿಗೆ ನಗುತ್ತಾ ಕೆಮ್ಮು ಹತ್ತಿತು. ಬಳಗದ ಕತೆ ಮುಗಿಯುವುದು ಇಲ್ಲಿಗೇ. ಆದರೆ ನಾನು ಅವ್ವನ ಸೆರಗು ಹಿಡಿದು ನಿಂತವಳು, ಅಲ್ಲಿಂದ ಮುಂದಿನದನ್ನೂ ನೋಡಿದೆ.

“ಗಂಟು ಹಾಕಿ ನೋಡಿದ್ರೇನ್ರಿ?” ಅಂತ ಕೇಳಿದಳು ಅವ್ವ.

“ನೋಡದ ಬಿಡತೀವೇನ? ಅಂಗಡಿ ಅಂಗಡಿ ತಿರಗೀವಿ. ಬಿಚ್ಚಿ, ಎಲ್ಲಾ ಮಶೀನದಾಗೂ ಹಾಕಿಸಿದಿವಿ. ಒಂದರಾಗೂ ಓಡಲಿಲ್ಲ. ಅಂಥಾ ಮಶೀನ ದುನಿಯಾದಾಗ ಇಲ್ಲ ಅಂದರ ಅವರು. ನಿನ್ನ ಹುಚ್ಚಿಗೆ ಮಂದಿ ಮುಂದ ನಗಿಗೇಡ ಆತು.”

ಹೀಗೆಂದು ಅಪ್ಪ ಚೀಲವನ್ನು ಅವಳ ಕೈಗೆ ಕೊಟ್ಟ. ಮೇಲೆ ಕುಂದಾದ ಪೊಟ್ಟಣ. ಬೆಳಗಾವಿಗೆ ಹೋದವರು ಕುಂದಾ ತರದೆ ಬರುತ್ತಾರೆಯೇ? ಅದರ ಕೆಳಗೆ ಅವ್ವನ ಗಂಟು. ಕುಂದಾದ ತುಪ್ಪ ಜಿನುಗಿ ಬಿಳಿ ಅರಿವೆಯ ಮೇಲೆ ಕಂದು ಕಲೆ ಆಗಿತ್ತು. ಕೆಂಪು ದಾರ ಬೆಳಗ್ಗೆ ಇದ್ದ ಹಾಗೆಯೇ ಇತ್ತು. ಅದೇ ಎಡಕ್ಕೆ ತಿರುಗಿದ ಗಂಟು, ಹಲ್ಲಿನಿಂದ ಕಡಿದ ಅದೇ ಮೊಂಡು ತುದಿ. ಅವ್ವ ಅದನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಅಪ್ಪ ಕುಂದಾ ಬಿಚ್ಚಿ ಎದುರುಮನೆಯವರಿಗೆ ಹಂಚುತ್ತಿದ್ದ. ಅವಳು ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಅಷ್ಟು ಮಂದಿಯ ಮುಂದೆ ಆ ಗಂಟು ಎತ್ತಿ ತೋರಿಸಿ, ಇದು ಬಿಚ್ಚೇ ಇಲ್ಲ, ನೀವು ಸುಳ್ಳು ಹೇಳುತ್ತೀರಿ ಅನ್ನಬೇಕಿತ್ತು. ಪಲ್ಯದಿಂದ ದಾರ ಎತ್ತಿ ತೋರಿಸಲು ಅಪ್ಪನಿಗೆ ಬರುತ್ತಿತ್ತು, ಅವ್ವನಿಗೆ ಅದು ಬರಲಿಲ್ಲ. ನನ್ನ ಕೈಗೂ ಕುಂದಾ ಬಂತು. ನಾನು ತಿನ್ನಲಿಲ್ಲ. ಇಂದಿಗೂ ನನಗೆ ಆ ಸಿಹಿ ಸೇರುವುದಿಲ್ಲ. ಬೆಳಗಾವಿಯಲ್ಲಿ ಇದ್ದುಕೊಂಡು ಕುಂದಾ ಒಲ್ಲೆ ಅನ್ನುವವಳನ್ನು ಮಂದಿ ವಿಚಿತ್ರವಾಗಿ ನೋಡುತ್ತಾರೆ.

ಮರುದಿನವೇ ಅವ್ವ ಹಟಕ್ಕೆ ಬಿದ್ದು ಆ ಮಶೀನಿನಲ್ಲಿ ಕೌದಿಯ ಅಂಚು ತೂರಿಸಿದಳು. ಟಕ್ ಎಂದು ಸೂಜಿ ಮುರಿದು ಚೂರು ಅವಳ ಕೆನ್ನೆಗೆ ಹಾರಿತು. ಅಪ್ಪ ಅದನ್ನೇ ಕಾಯುತ್ತಿದ್ದನೇನೋ.

“ನಿನ್ನ ಕೈಯಽ ಒರಟು. ನಾಜೂಕ ವಸ್ತು ನಿನ್ನ ಕೈಗೆ ಒಗ್ಗೂದಿಲ್ಲ.”

ಕೈ ಒರಟು ಎಂಬುದು ಅಲ್ಲಿಂದ ಮನೆಯ ತೀರ್ಪಾಯಿತು. ಡ್ರೈವರುಗಳಿಗೆ ಅಪ್ಪನೇ ಕಾರ್ಖಾನೆಯಲ್ಲಿ ಹೇಳಿಬಿಟ್ಟ, ನಮ್ಮಲ್ಲಿ ಅಂಥ ಕೆಲಸ ಆಗುವುದಿಲ್ಲ ಎಂದು. ಅವರು ಬರುವುದು ನಿಂತಿತು. ಮಶೀನಿಗೆ ಕ್ರೋಶಾದ ಬಿಳಿ ಹೊದಿಕೆ ಬಂತು, ಅದರ ಮೇಲೆ ರೇಡಿಯೋ ಬಂತು, ಮುಂದೆ ಟಿವಿ ಬಂತು. ಬಂದವರೆಲ್ಲ ಹೊದಿಕೆ ಎತ್ತಿ ಹೂಬಳ್ಳಿ ನೋಡಿ ‘ಎಷ್ಟು ಚಂದ ಐತಿ’ ಅನ್ನುತ್ತಿದ್ದರು. ಅಪ್ಪ ಕೈಕುರ್ಚಿಯಲ್ಲಿ ಕೂತು ಮೀಸೆಯಡಿ ನಗುತ್ತಿದ್ದ. ವರ್ಷಗಳಾದ ಮೇಲೆ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆಪಗಡೆಗೂ ಜಗಳವಾಯಿತು. ಈ ಮಶೀನು ಮಾತ್ರ ಯಾರಿಗೂ ಬೇಡವಾಯಿತು. ಹೊರುವವರು ಯಾರು?

ಅವ್ವ ಮತ್ತೆ ಬಿಸಿಲಿನ ಚೌಕದ ಹಿಂದೆ ಸರಿಯಲು ಶುರು ಮಾಡಿದಳು. ದಪ್ಪ ಅರಿವೆಯೊಳಗಿಂದ ಸೂಜಿ ಎಳೆದೆಳೆದು ಎಡಗೈಯ ಬೆರಳುಗಳು ಗಂಟುಗಟ್ಟಿದವು, ಆಮೇಲೆ ಒಳಕ್ಕೆ ಬಾಗಿದವು. ಆ ಚಳಿಗಾಲ ಅವಳು ಅಪ್ಪನಿಗೆ ಒಂದು ಹೊಸ ಕೌದಿ ಹೊಲಿದಳು. ಅಂಥ ಕೌದಿ ಅವಳು ಅದಕ್ಕೆ ಮೊದಲೂ ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ. ಅಂಚಿಗೆ ಹಸಿರು, ನಡುವೆ ಕುಂಕುಮ ಬಣ್ಣ, ಹೊಲಿಗೆ ಅಕ್ಕಿಕಾಳಿನ ಸಾಲಿನಷ್ಟು ನೆಟ್ಟಗೆ. ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಹೊಟ್ಟೆ ಮುಚ್ಚುವ ಹೊತ್ತಿಗೆ ಅಕ್ಕಿ ತರಲು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. ಸೊಂಟದಿಂದ ಆ ಗಂಟು ತೆಗೆದು, ತುಪ್ಪದ ಕಲೆ ಮೇಲಾಗುವಂತೆ ಕೌದಿಯ ಹೊಟ್ಟೆಯೊಳಗೆ ಇಟ್ಟು, ಮೇಲೆ ತೇಪೆ ಹಾಕಿ ಹೊಲಿದುಬಿಟ್ಟಳು.

ಅಪ್ಪ ಆ ಕೌದಿಯನ್ನು ಹಾಸಿಕೊಂಡು ಮಲಗುತ್ತಿದ್ದ. ಬೆಳಗಾದರೆ ಬೆನ್ನು ಹಿಡಿದುಕೊಂಡು ಏಳುತ್ತಿದ್ದ.

“ಇದರಾಗ ಏನ ಹಾಕೀಯ? ಬೆನ್ನಿಗೆ ಒತ್ತತೈತಿ.”

“ಹೊಟ್ಟಿ ತುಂಬೀನ್ರಿ. ಖಾಲಿ ಬಿಡಬಾರದು,” ಅನ್ನುತ್ತಿದ್ದಳು ಅವ್ವ, ಚಹಾದ ಬಸಿ ಮುಂದಿಡುತ್ತಾ.

ಮಡಚಿದ, ತಿರುಗಿಸಿ ಹಾಸಿದ, ಹೊದ್ದುಕೊಂಡ. ಹೊದ್ದರೆ ಎದೆಗೆ ಒತ್ತುತ್ತಿತ್ತು. ಬೇರೆ ಕೌದಿ ಕೇಳಲು ಮಾನ ಅಡ್ಡ ಬಂತು, ಬಂದವರೆಲ್ಲ ಇದನ್ನೇ ಹೊಗಳುತ್ತಿದ್ದರಲ್ಲ. ಹೀಗೆ ಅವನು ತನ್ನ ಸುಳ್ಳಿನ ಮೇಲೆ ಆಯುಷ್ಯವಿಡೀ ಮಲಗಿದ. ಇದು ಗೊತ್ತಿದ್ದವರು ಅವ್ವ ಮತ್ತು ನಾನು ಇಬ್ಬರೇ. ನನ್ನ ಸ್ವಭಾವದಲ್ಲಿ ಮಂದಿ ದೂರುವುದೆಲ್ಲ ಅಲ್ಲಿಂದಲೇ ಬಂದದ್ದು. ನಾನು ಸುಲಭಕ್ಕೆ ಯಾರನ್ನೂ ನಂಬುವುದಿಲ್ಲ. ಯಾರಾದರೂ ‘ಎಲ್ಲಾ ಮಾಡಿ ನೋಡಿದೆ, ಆಗಲಿಲ್ಲ’ ಅಂದರೆ ನನ್ನ ಕಣ್ಣು ಅವರ ಕೈ ಕಡೆಗೆ ಹೋಗುತ್ತದೆ. ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ, ನಿನ್ನ ಮುಂದೆ ಖರೇ ಹೇಳುವಾಗಲೂ ಹೆದರಿಕೆ ಆಗುತ್ತದೆ ಎಂದು.

ಅಪ್ಪ ತೀರಿಕೊಂಡಾಗ ಮಣ್ಣು ಮಾಡಿ ಬಂದ ಮರುದಿನ ಬಳಗವೆಲ್ಲ ಪಡಸಾಲೆಯಲ್ಲಿ ಕೂತಿತ್ತು. ಸತ್ತವರ ಮನೆಯಲ್ಲೂ ನಗೆಗೆ ಒಂದು ಸಂದು ಬೇಕಲ್ಲ, ಯಾರೋ ಜಡ ಮಶೀನಿನ ಕತೆ ತೆಗೆದರು. ಹಲ್ಲಿಲ್ಲದ ಕಾಕಾನಿಗೆ ಹುರುಪು ಬಂತು. ಅಣ್ಣನೇ ಹೋದ ಮೇಲೆ ಇನ್ನೇನು ಮುಚ್ಚಿಡುವುದು ಅನ್ನಿಸಿರಬೇಕು.

“ಬಸ್ಸು ದೇಸೂರ ದಾಟೂದ್ರಾಗ ಅಣ್ಣ ಹೇಳಿಬಿಟ್ಟಿದ್ದ ನನಗ, ಆ ಗಂಟು ಹೊರಗ ತೆಗೀಬ್ಯಾಡ ಅಂತ. ಖರೇ ಜಡ ಮಶೀನ ತಂದ್ರ ನಾಳಿಂದ ನನ್ನ ಬಾಗಲಾಗ ಲಾರಿ ನಿಂದರತಾವ, ಡ್ರೈವರ್ ಮಂದಿ ಇಕಿ ಕೈ ಕೆಳಗ ಕುಂದರತಾರ, ಆಮ್ಯಾಲ ನಾ ಯಾರ? ಅಂದ. ಅಂಗಡಿಯವ ಕೇಳಿದ, ಏನ ಹೊಲಿಯಾಕ್ರೀ ಅಂತ. ಸುಮ್ನ ಪಡಸಾಲ್ಯಾಗ ಇಡಾಕ, ಅಂದ ಅಣ್ಣ!”

ಅವ್ವ ಚಹಾ ಕೊಡುತ್ತಾ ಬಂದವಳು ಕಾಕಾನ ಮುಂದೆಯೂ ಬಸಿ ಇಟ್ಟಳು. ಕಾಕಾ ‘ಸಕ್ರಿ ಕಮ್ಮಿ ಆಗೇತಿ ವೈನಿ’ ಅಂದ. ಅವಳು ಸಕ್ಕರೆ ತಂದು ಹಾಕಿದಳು. ಸತ್ತವರ ಹಾಸಿಗೆ ಹೊದಿಕೆಯನ್ನು ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಊರಾಚೆ ಬಿಟ್ಟು ಬರುತ್ತಾರೆ. ಅಂಗಳದಲ್ಲಿ ಅಪ್ಪನ ಕೌದಿ ಮಡಚಿ ಇಟ್ಟಿತ್ತು. ಅವ್ವ ನನ್ನ ಕೈಲಿ ಬ್ಲೇಡು ತರಿಸಿ, ಬಿಸಿಲಿಗೆ ಕೂತು, ಕೌದಿಯ ಹೊಟ್ಟೆಯ ತೇಪೆ ಬಿಚ್ಚಿ ಆ ಗಂಟನ್ನು ತೆಗೆದುಕೊಂಡಳು. ಮೇಲಿನ ಅರಿವೆ ಹಳದಿಯಾಗಿತ್ತು, ಗಂಟು ಬಿಗಿಯಾಗಿಯೇ ಇತ್ತು. ಖಾಲಿಯಾದ ಜಾಗಕ್ಕೆ ಒಂದು ಚಿಟಿಕೆ ಅಕ್ಕಿ, ಅರಿಸಿನದ ಚೂರು ಹಾಕಿ, ಬಾಗಿದ ಬೆರಳಲ್ಲೇ ಮತ್ತೆ ಹೊಲಿದು ಮುಚ್ಚಿದಳು. ಸಾಯುವವರೆಗೂ ಅವನಿಗೆ ಕೊಡದ ಅಕ್ಕಿಯನ್ನು ಸತ್ತ ಮೇಲೆ ಕೊಟ್ಟಳು. ಕ್ಷಮೆಯೋ, ವಾಡಿಕೆಯೋ, ನಾನು ಕೇಳಲಿಲ್ಲ.

ಆಮೇಲೆ ಅವ್ವ ನನ್ನ ಜೊತೆ ಬೆಳಗಾವಿಗೆ ಬಂದಳು. ಶಹಾಪುರದಲ್ಲಿ ನನ್ನ ಮನೆ. ನಾನು ಸಾಲೆಯಿಂದ ನಿವೃತ್ತಳಾದ ಮೇಲೆ ಕೈಗೆ ಕೆಲಸವಿಲ್ಲದೆ ಚಡಪಡಿಸತೊಡಗಿದೆ. ಕಪಾಟು ತೆರೆದರೆ ಉಟ್ಟು ಮೆತ್ತಗಾದ ಸೀರೆಗಳ ರಾಶಿ. ಕೌದಿ ಹೊಲಿಯಬೇಕು, ಅದಕ್ಕೆ ತಕ್ಕ ಮಶೀನು ಕೊಳ್ಳಬೇಕು ಅಂದುಕೊಂಡೆ. ಅವ್ವನಿಗೆ ಹೇಳಿದೆ. ಅವಳು ತನ್ನ ಟ್ರಂಕು ತೆರೆಸಿ ಆ ಗಂಟು ತೆಗೆಸಿದಳು.

“ಅಂಗಡ್ಯಾಗ ಇದನ್ನ ಬಿಚ್ಚು. ಓಡಿಸಿ ನೋಡು,” ಅಂದಳು.

“ನೀನೂ ಬಾ, ಆಟೋದಾಗ ಹೋಗಿ ಬರೂಣು.”

“ಒಲ್ಲೆ. ಹೋಗೂ ಹೊತ್ತಿನ್ಯಾಗ ಹೋಗಾಕ ಆಗಲಿಲ್ಲ.”

ಖಡೇಬಜಾರಿನ ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಮರಾಠಿಯಲ್ಲಿ ಶುರು ಮಾಡಿ ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದಳು. ಹತ್ತಾರು ಥರದ ಕಸೂತಿ ಹಾಕುವ ಮಶೀನು, ತಾನೇ ದಾರ ಪೋಣಿಸುವ ಮಶೀನು, ಅಕ್ಷರ ಹೊಲಿಯುವ ಮಶೀನು ಎಲ್ಲ ತೋರಿಸಿದಳು. ನಾನು ಜಡ ಕೆಲಸದ ಮಶೀನು ಬೇಕು ಅಂದೆ. ಅವಳು ಪಾದ ಎತ್ತರಕ್ಕೆ ಏಳುವ, ಅರಿವೆಯನ್ನು ಮೇಲಿಂದಲೂ ಕೆಳಗಿಂದಲೂ ಒಟ್ಟಿಗೆ ಎಳೆಯುವ ಕರೆಂಟಿನ ಮಶೀನೊಂದನ್ನು ಒಂದೇ ಕೈಯಲ್ಲಿ ಎತ್ತಿ ಮುಂದಿಟ್ಟಳು.

“ಇದು ಹಗರ ಐತಲ್ಲ,” ಅಂದೆ.

“ಮಶೀನ ಹಗರ ಇದ್ರೇನ್ರಿ ಬಾಯಾರ, ಕೆಲಸ ಜಡ ಮಾಡತದ.”

ನಾನು ಗಂಟನ್ನು ಮೇಜಿನ ಮೇಲಿಟ್ಟೆ. ಬಿಚ್ಚಲು ಉಗುರಿಗೆ ಬಗ್ಗಲಿಲ್ಲ, ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಆ ಹೆಂಗಸೇ ದಪ್ಪ ಸೂಜಿಯಿಂದ ಮೀಟಿ ಮೀಟಿ ಸಡಿಲಿಸಿದಳು. ಒಳಗಿನ ಪದರಗಳು ಒತ್ತಿ ಒತ್ತಿ ಹಲಗೆಯಂತಾಗಿದ್ದವು. ಅಪ್ಪನ ಬೆನ್ನಿನ ಭಾರ. ಅಷ್ಟರಲ್ಲಿ ಅಂಗಡಿಯ ಮೂಲೆಯಲ್ಲಿ ಹಳೆಯದೊಂದು ಕರಿಯ ಕಾಲಿನ ಮಶೀನು ನನ್ನ ಕಣ್ಣಿಗೆ ಬಿತ್ತು. ಹೂವಿಲ್ಲ, ಬಳ್ಳಿಯಿಲ್ಲ, ಮರದ ಪೆಟ್ಟಿಗೆಯಿಲ್ಲ. ಅದೇನು ಎಂದು ಕೇಳಿದೆ.

“ಅದು ನಮ್ಮ ಮಾವನವರ ಕಾಲದ್ದು. ಮಿಲಿಟರಿಯವರ ತಂಬು, ತಾಡಪತ್ರಿ ಹೊಲಿಯಾಕ ಇಟ್ಟಿದ್ರು. ಆವಾಗ ಈ ಬಜಾರದಾಗ ಅಂಥಾವು ಬೇಕಾದಷ್ಟು ಸಿಗತಿದ್ದವು. ಇನ್ನೂ ನಡೀತದ ನೋಡ್ರಿ.”

“ಮೊದಲ ಅದರಾಗ ಹಾಕ್ರಿ,” ಅಂದೆ.

ಅವಳು ಎಣ್ಣೆ ಬಿಟ್ಟು, ಸೂಜಿ ಬದಲಿಸಿ, ಅವ್ವನ ಪದರಗಳನ್ನು ಪಾದದಡಿ ಸರಿಸಿ ಕಾಲಾಡಿಸಿದಳು. ತಾಡಪತ್ರಿ, ಧೋತರ, ಇಳಕಲ್ ಅಂಚು, ಖಣ, ಮತ್ತೆ ತಾಡಪತ್ರಿ. ಸೂಜಿ ಎಲ್ಲಿಯೂ ಎಡವಲಿಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಓಟ. ಆಮೇಲೆ ಹೊಸದರಲ್ಲೂ ಅದರ ಪಕ್ಕದಲ್ಲೇ ಒಂದು ಸಾಲು ಓಡಿಸಿದಳು. ಅದೂ ಓಡಿತು. ನಾನು ಆ ಅಪರಿಚಿತ ಹೆಂಗಸಿನ ಮುಂದೆ, ಸಿಟ್ಟಿನಿಂದ, ಬರೀ ಸಿಟ್ಟಿನಿಂದ ಅತ್ತೆ. ಅವಳು ಗಾಬರಿಯಾಗಿ ಕುಂದರ್ರಿ ಕುಂದರ್ರಿ ಎಂದು ನೀರು ತರಿಸಿ ಕೊಟ್ಟಳು.

ಹೊಸ ಮಶೀನನ್ನು ಮನೆಗೆ ತಂದು ಅವ್ವನ ಮಂಚದ ಬಾಜೂಕ್ಕೆ ಇಟ್ಟೆ. ಅವಳು ಅದನ್ನು ನೋಡಲಿಲ್ಲ, ಕೈ ಚಾಚಿದಳು. ತುಣುಕನ್ನು ಕೊಟ್ಟೆ. ಕಣ್ಣು ಮಂಜಾದವಳು ಹೆಬ್ಬೆರಳಿನಿಂದ ಸವರಿದಳು, ಮೊದಲು ಒಂದು ಸಾಲು, ಆಮೇಲೆ ಇನ್ನೊಂದು.

“ಎರಡ ಅದಾವಲ್ಲ?”

ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಬೆಳೆದ ನನಗೆ ಅದು ಆಗಲಿಲ್ಲ. ಒಂದು ಹೊಸ ಮಶೀನಿನದು, ಇನ್ನೊಂದು ಆಗಿನ ಕಾಲದ್ದು, ಆಗ ಬಜಾರಿನ ತುಂಬ ಸಿಗುತ್ತಿದ್ದವಂತೆ ಅಂದೆ. ಅವ್ವನ ಹೆಬ್ಬೆರಳು ಆ ಹಳೆಯ ಸಾಲಿನ ಮೇಲೆ ನಿಂತಿತು.

“ಓಡೂದಿಲ್ಲ ಅಂತ ಹೇಳಿ ಬರತಿ ಅನಕೊಂಡಿದ್ದೆ ಯವ್ವಾ,” ಅಂದಳು. “ಬಿಚ್ಚಿ ನೋಡಿದ್ರೂ ಓಡತಿದ್ದಿಲ್ಲ, ಅಷ್ಟರಮಟ್ಟಿಗೆರ ನಿಮ್ಮಪ್ಪನ ಮಾತು ಖರೇ ಇರಲಿ ಅಂತ ನಿನ್ನ ಕೈಯಾಗ ಕೊಟ್ಟಿದ್ದೆ.”

ಒಂದು ವಾರ ನಾನು ಮಶೀನಿಗೆ ಕೈ ಹಚ್ಚಲಿಲ್ಲ. ಆಮೇಲೆ ನನ್ನ ಸೀರೆಗಳನ್ನು ಬಿಸಿಲಿಗೆ ಹಾಸಿ, ಅವಳು ಕಲಿಸಿದ ಹಾಗೆಯೇ ಬೇರೆ ಮಾಡಿ, ಮೊದಲ ಕೌದಿಯನ್ನು ಅವ್ವನಿಗೆಂದೇ ಹೊಲಿದೆ. ಇಷ್ಟು ವಯಸ್ಸಿಗೆ ಅವಳಿಗೆ ಅವಳದೇ ಒಂದು ಕೌದಿ. ಮಶೀನು ಸರಸರ ಓಡುತ್ತಿತ್ತು, ಅವ್ವ ಅದರ ಸದ್ದಿಗೆ ಬೆನ್ನು ಮಾಡಿ ಮಲಗಿರುತ್ತಿದ್ದಳು. ನಡುವಿನ ಅಂಗೈಯಗಲ ಜಾಗ ಉಳಿದಾಗ ಅಕ್ಕಿಯ ಬಟ್ಟಲು ಹಿಡಿದು ಅವಳ ಹತ್ತಿರ ಹೋದೆ. ಆ ತುಣುಕು ಅವಳ ದಿಂಬಿನ ಪಕ್ಕದಲ್ಲೇ ಇತ್ತು.

“ಹೊಟ್ಟಿಗೆ ಏನ ಹಾಕ್ಲಿ ಅವ್ವಾ? ಅಕ್ಕಿನೋ, ಇದನ್ನೋ?”

ಅವಳು ಕೌದಿಯನ್ನು ಎಳೆದುಕೊಂಡು, ತೆರೆದ ಜಾಗದೊಳಗೆ ಬಾಗಿದ ಬೆರಳು ತೂರಿಸಿ ಒಮ್ಮೆ ತಡಕಾಡಿದಳು.

“ಏನೂ ಹಾಕಬ್ಯಾಡ. ಹಂಗಽ ಮುಚ್ಚಿಬಿಡು,” ಅಂದಳು. “ನನ್ನದು ಹಸಕೊಂಡ ಇರಲಿ.”